ಬ್ಯಾಕಪ್ ಇದೆಯಲ್ಲ, ಇನ್ನೇನು ಚಿಂತೆ!

ನನ್ನ ಗೆಳೆಯರೊಬ್ಬರು ಮನೆ ಕಂಪ್ಯೂಟರಿಗೆ ಬ್ಯಾಕಪ್ ವ್ಯವಸ್ಥೆ ಆರಿಸುತ್ತಿದ್ದಾರೆ. ಆರಿಸೋಕೆ ಶುರು ಮಾಡಿ ಎರಡು ವರ್ಷ ಆಯಿತು. ಅದಕ್ಕೆಂದೇ ಒಂದು ಎಕ್ಸೆಲ್ ಶೀಟ್ ಇದೆ, ಅದರಲ್ಲಿ 17 ಕಾಲಂ. ಎಕ್ಸ್‌ಟರ್ನಲ್ ಡಿಸ್ಕ್ ಸಾಕಾ, ಎರಡು ಡಿಸ್ಕಿನ ನ್ಯಾಸ್ (ಮನೆಯ ನೆಟ್‌ವರ್ಕಿಗೆ ಸೇರಿಸಿಡುವ ಡಿಸ್ಕ್ ಪೆಟ್ಟಿಗೆ) ಬೇಕಾ, ನಾಲ್ಕರದ್ದೇ ತಗೊಂಡುಬಿಟ್ಟರೆ ಹೇಗೆ, ರಾತ್ರಿ ಫ್ಯಾನ್ ಎಷ್ಟು ಸದ್ದು ಮಾಡುತ್ತದೆ, ಹತ್ತು ವರ್ಷಕ್ಕೆ ಎಷ್ಟು ಯೂನಿಟ್ ಕರೆಂಟ್ ಕುಡಿಯುತ್ತದೆ, ಎಲ್ಲದಕ್ಕೂ ಅಂಕ ಕೊಟ್ಟಿದ್ದಾರೆ.

"ಅಲ್ಲ ಸಾರ್, ಈಗ ಫೋಟೋ ಎಲ್ಲ ಎಲ್ಲಿವೆ?" ಅಂತ ಕೇಳಿದೆ.

"ಸದ್ಯಕ್ಕೆ ಸಿ ಡ್ರೈವಲ್ಲಿವೆ. ಭಯ ಏನಿಲ್ಲ, ಡಿ ಡ್ರೈವಲ್ಲೂ ಒಂದು ಕಾಪಿ ಇಟ್ಟಿದ್ದೀನಿ."

ಅವರ ಕಂಪ್ಯೂಟರಿನಲ್ಲಿ ಇರುವುದೇ ಒಂದು ಡಿಸ್ಕ್. ಅದನ್ನೇ ಎರಡು ಭಾಗ ಮಾಡಿ ಸಿ, ಡಿ ಅಂತ ಹೆಸರಿಟ್ಟಿದ್ದಾರೆ. ಅಳಿಯ ಅಲ್ಲ, ಮಗಳ ಗಂಡ.

ನಗಬೇಡಿ. ಡಿಸ್ಕ್ ಮಾರುವವರು ನಮ್ಮನ್ನು ಹೀಗೇ ಬೆಳೆಸಿದ್ದಾರೆ. 1 ಟಿಬಿ ಅಂತ ಡಬ್ಬದ ಮೇಲೆ ಬರೆದಿರುತ್ತದೆ, ಚುಚ್ಚಿದರೆ ವಿಂಡೋಸ್ 931 ಜಿಬಿ ಅನ್ನುತ್ತದೆ. ಅವರು ಸಾವಿರದ ಲೆಕ್ಕ ಹಾಕುತ್ತಾರೆ, ಇದು 1024ರ ಲೆಕ್ಕ ಹಾಕುತ್ತದೆ, ಇಬ್ಬರೂ ಸರಿಯಂತೆ, ಪೆದ್ದರು ನಾವು. ಇನ್ನು ಆಯುಸ್ಸು. ಕೆಟ್ಟುಹೋಗುವ ಸರಾಸರಿ ಅವಧಿ 10 ಲಕ್ಷ ಗಂಟೆ ಅಂತ ಹೆಮ್ಮೆಯಿಂದ ಅಚ್ಚು ಹಾಕುವುದುಂಟು. ಭಾಗಿಸಿ ನೋಡಿದರೆ 114 ವರ್ಷ! ವಾರಂಟಿ ಮಾತ್ರ ಮೂರು ವರ್ಷ, ತುಂಬಾ ಧೈರ್ಯವಂತರಾದರೆ ಐದು. ಆ ವಾರಂಟಿಯಲ್ಲೂ ಅವರು ಕೊಡುವುದು ಹೊಸ ಡಿಸ್ಕ್. ಖಾಲಿ ಡಿಸ್ಕ್.

ಆಮೇಲೆ ರೇಡ್ ಪಂಗಡದವರು ಸಿಗುತ್ತಾರೆ. ಇದು ಮನೆ ಮೇಲೆ ಬೀಳುವ ರೇಡ್ ಅಲ್ಲ, ನಾಲ್ಕಾರು ಡಿಸ್ಕ್ ಸೇರಿಸಿ ಒಂದು ಮಾಡುವುದು. 1988ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಮೂವರು ಇದರ ಬಗ್ಗೆ ಪ್ರಬಂಧ ಬರೆದಾಗ RAID ಅನ್ನುವ ಹೆಸರಿನಲ್ಲಿದ್ದ 'ಐ' ಅಂದರೆ ಇನ್‌ಎಕ್ಸ್‌ಪೆನ್ಸಿವ್, ಅಗ್ಗದ್ದು ಅಂತ. ಮಾರುವವರ ಕೈಗೆ ಬಂದ ಮೇಲೆ ಅದು ಇಂಡಿಪೆಂಡೆಂಟ್ ಆಯಿತು. ಅಗ್ಗ ಅಂತ ಹೆಸರಿಟ್ಟುಕೊಂಡು ಆ ಬೆಲೆ ಕೇಳೋಕೆ ನಾಚಿಕೆ ಆಗಿರಬೇಕು. ಒಂದು ಡಿಸ್ಕ್ ಸತ್ತರೆ ಇನ್ನೊಂದು ಕೆಲಸ ಮುಂದುವರಿಸುತ್ತದೆ, ಅದು ನಿಜ. ಆದರೆ ನೀವೇ ನಿದ್ದೆಗಣ್ಣಲ್ಲಿ ಒಂದು ಫೋಲ್ಡರ್ ಅಳಿಸಿದರೆ, ರೇಡ್ ಅದನ್ನು ಎರಡೂ ಡಿಸ್ಕಿನಿಂದ ಅದೇ ಕ್ಷಣಕ್ಕೆ, ಅಷ್ಟೇ ನಿಷ್ಠೆಯಿಂದ ಅಳಿಸುತ್ತದೆ.

ಕ್ಲೌಡ್ ಸಿಂಕ್ ನಂಬಿದವರ ಕಥೆಯೂ ಬೇರೆಯಲ್ಲ. ಲ್ಯಾಪ್‌ಟಾಪಿನಲ್ಲಿ ಮಗು ಡಿಲೀಟ್ ಒತ್ತಿದರೆ ಕ್ಲೌಡಿನಲ್ಲೂ ಹೋಯಿತು, ಫೋನಿನಲ್ಲೂ ಹೋಯಿತು. ತಾನು ಕೆಟ್ಟ ಕೋತಿ ವನ ಎಲ್ಲ ಕೆಡಿಸಿತು. ಕಸದ ಬುಟ್ಟಿಯಲ್ಲಿ ಒಂದಷ್ಟು ದಿನ ಬಿದ್ದಿರುತ್ತದೆ ಅಂತ ನೆನಪಾಗುವುದು, ಆ ಒಂದಷ್ಟು ದಿನ ಮುಗಿದ ಮರುದಿನ.

ನಮ್ಮಂಥ ಮನೆಯವರ ವಿಷಯ ಬಿಡಿ, ಒಂದು ಸರಕಾರದ ಕಥೆ ಕೇಳಿ. ಹೊಟ್ಟೆ ತಣ್ಣಗಾಗುತ್ತದೆ. ದಕ್ಷಿಣ ಕೊರಿಯಾದಲ್ಲಿ ಸರಕಾರಿ ನೌಕರರಿಗೆ ಜಿ-ಡ್ರೈವ್ ಅಂತ ಒಂದು ಕ್ಲೌಡ್ ಇತ್ತು. ಫೈಲುಗಳನ್ನು ನಿಮ್ಮ ನಿಮ್ಮ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳಬೇಡಿ, ಇಲ್ಲೇ ಇಡಿ, ಇಲ್ಲಿ ಭದ್ರ ಅಂತ ಸೂಚನೆಯೂ ಇತ್ತು. 2025ರ ಸೆಪ್ಟೆಂಬರ್ 26ರಂದು ಡೇಜಾನ್ ನಗರದ ಸರಕಾರಿ ಡೇಟಾ ಸೆಂಟರಿನಲ್ಲಿ ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿತು. ಜಿ-ಡ್ರೈವಿನ 858 ಟಿಬಿ ಸುಟ್ಟು ಹೋಯಿತು. ಹೊರಗೆ ಎಲ್ಲೂ ಬ್ಯಾಕಪ್ ಇರಲಿಲ್ಲ. ಯಾಕಪ್ಪಾ ಅಂದರೆ, ಡೇಟಾ ತುಂಬಾ ಜಾಸ್ತಿ ಇತ್ತಂತೆ! ಅಂದರೆ ಸ್ವಲ್ಪ ಇದ್ದರೆ ಕಾಪಾಡಬೇಕು, ರಾಶಿ ಇದ್ದರೆ ದೇವರು ನೋಡಿಕೊಳ್ಳುತ್ತಾನೆ. ನನ್ನ ಗೆಳೆಯರು ಕೂಡಲೇ ಲೆಕ್ಕ ಹಾಕಿದರು: 20 ಟಿಬಿಯ ಡಿಸ್ಕ್ 43 ಇದ್ದಿದ್ದರೆ ಸಾಕಿತ್ತು. ಸರಕಾರದ ತಪ್ಪು ಕಂಡುಹಿಡಿದ ಖುಷಿಯಲ್ಲಿ ಅವತ್ತು ಶೀಟಿಗೆ 'ಬೆಂಕಿ' ಅಂತ ಇನ್ನೊಂದು ಕಾಲಂ ಸೇರಿಸಿದರು. ಡಿಸ್ಕ್ ಮಾತ್ರ ಇನ್ನೂ ತಗೊಂಡಿಲ್ಲ.

ತಗೊಂಡವರೇನು ಗೆದ್ದರಾ? ಜಗತ್ತಿನ ಪ್ರೋಗ್ರಾಮರುಗಳು ಕೋಡ್ ಇಡುವ ಗಿಟ್‌ಲ್ಯಾಬ್ ಕಂಪನಿಯಲ್ಲಿ 2017ರ ಜನವರಿ 31ರಂದು ಒಬ್ಬ ಇಂಜಿನಿಯರ್ ಒಂದು ಸರ್ವರ್ ಅಂದುಕೊಂಡು ಇನ್ನೊಂದರ ಮೇಲೆ ಅಳಿಸುವ ಆಜ್ಞೆ ಕೊಟ್ಟ. ಗೊತ್ತಾಗಿ ನಿಲ್ಲಿಸುವಷ್ಟರಲ್ಲಿ ಸುಮಾರು 300 ಜಿಬಿ ಹೋಗಿತ್ತು, ಉಳಿದದ್ದು 4.5. ಇರಲಿ, ಐದು ಬಗೆಯ ಬ್ಯಾಕಪ್ ಇದೆಯಲ್ಲ ಅಂತ ತೆರೆದು ನೋಡಿದರೆ ಒಂದೂ ಸರಿಯಾಗಿ ನಡೆಯುತ್ತಿರಲಿಲ್ಲ. ನನಗೆ ತುಂಬಾ ಹಿಡಿಸಿದ್ದು ಇದು: ಬ್ಯಾಕಪ್ ಆಗುತ್ತಿಲ್ಲ ಅಂತ ತಿಳಿಸುವ ಇಮೇಲ್ ಪಾಪ ಹೊರಡುತ್ತಿತ್ತು, ಆದರೆ ಅದಕ್ಕೆ ಸರಿಯಾದ ಸಹಿ ಇಲ್ಲ ಅಂತ ಮೇಲ್ ಸರ್ವರ್ ಬಾಗಿಲಲ್ಲೇ ತಡೆದು ವಾಪಸ್ ಕಳಿಸುತ್ತಿತ್ತು. ಕೊನೆಗೆ ಕೈ ಹಿಡಿದದ್ದು ಆರು ಗಂಟೆ ಮುಂಚೆ ಬೇರೇನೋ ಪರೀಕ್ಷೆಗೆ ಅಂತ ಒಬ್ಬರು ತೆಗೆದಿಟ್ಟಿದ್ದ ಕಾಪಿ. ಇಷ್ಟನ್ನೂ ಅವರೇ ಮುಚ್ಚುಮರೆಯಿಲ್ಲದೆ ಬರೆದುಕೊಂಡರು, ಅದಕ್ಕೆ ಭೇಷ್ ಅನ್ನಲೇಬೇಕು.

ದಾರಿ ಏನೂ ಗುಟ್ಟಲ್ಲ. 3-2-1 ಅಂತ ಎಲ್ಲರೂ ಪಠಿಸುತ್ತಾರೆ: ಮೂರು ಕಾಪಿ, ಎರಡು ಬಗೆಯ ಸಾಧನ, ಒಂದು ಮನೆಯಿಂದ ಹೊರಗೆ. ಎರಡು ಸಾದಾ ಎಕ್ಸ್‌ಟರ್ನಲ್ ಡಿಸ್ಕ್, ಕಾಪಿ ಆದ ಮೇಲೆ ಕೇಬಲ್ ಕಿತ್ತಿಡುವುದು (ಚುಚ್ಚಿಯೇ ಬಿಟ್ಟರೆ, ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರಾನ್ಸಮ್‌ವೇರ್ ಅದಕ್ಕೂ ಬೀಗ ಹಾಕುತ್ತದೆ), ಒಂದನ್ನು ನೆಂಟರ ಮನೆಯಲ್ಲಿಡುವುದು, ತೀರಾ ಬೇಕಾದ್ದನ್ನು ಕ್ಲೌಡಿಗೂ ಹಾಕುವುದು. ಎಲ್ಲವನ್ನೂ ಕ್ಲೌಡಿಗೆ ಅಂತ ಹೊರಟರೆ 1 ಟಿಬಿ ಏರಿಸೋಕೆ 10 ಎಂಬಿಪಿಎಸ್ ಲೈನಿನಲ್ಲಿ ಒಂಬತ್ತು ದಿನ ಹಗಲೂ ರಾತ್ರಿ ಬೇಕು. ಮನೆಯವರು ಐದನೇ ದಿನಕ್ಕೆ ರೌಟರ್ ಆಫ್ ಮಾಡುತ್ತಾರೆ.

ಇದಕ್ಕೂ ಒಂದು ದಿನಾಚರಣೆ ಇದೆ. 2011ರಿಂದ ಮಾರ್ಚ್ 31 ವಿಶ್ವ ಬ್ಯಾಕಪ್ ದಿನ. ಏಪ್ರಿಲ್ ಒಂದರ ಹಿಂದಿನ ದಿನವನ್ನೇ ಆರಿಸಿದ್ದಾರೆ, ಪುಣ್ಯಾತ್ಮರಿಗೆ ನಮ್ಮ ಪರಿಚಯ ಚೆನ್ನಾಗಿದೆ. ಅವತ್ತು ಎಲ್ಲರೂ ಬ್ಯಾಕಪ್ ತೆಗೆಯಿರಿ ಅಂತ ಒಬ್ಬರಿಗೊಬ್ಬರು ಸಂದೇಶ ಕಳಿಸುತ್ತಾರೆ. ತೆಗೆದಿಟ್ಟದ್ದರಿಂದ ಒಂದೇ ಒಂದು ಫೋಟೋ ವಾಪಸ್ ತಂದು ತೋರಿಸಿ ಅಂತ ಕೇಳಿ ನೋಡಿ, ಮುಖ ಊದಿಸಿಕೊಳ್ಳುತ್ತಾರೆ. "ಯಾಕೆ, ನಂಬಿಕೆ ಇಲ್ವಾ?"

ಇಷ್ಟೆಲ್ಲ ಬರೆದ ಮೇಲೆ ನನ್ನದನ್ನೂ ಒಮ್ಮೆ ನೋಡೋಣ ಅನ್ನಿಸಿತು. ನನ್ನದು ಪಕ್ಕಾ ವ್ಯವಸ್ಥೆ. ದಿನಾ ರಾತ್ರಿ 2 ಗಂಟೆಗೆ ತಾನಾಗಿಯೇ ಓಡುತ್ತದೆ, ಬೆಳಗ್ಗೆ ಮೂಲೆಯಲ್ಲಿ ಹಸಿರು ಟಿಕ್. ಲಾಗ್ ತೆರೆದೆ. 'ಕಾಪಿ ಆದ ಫೈಲ್ 0, ದೋಷ 0, ಯಶಸ್ವಿ.' ನಿನ್ನೆಯೂ ಅದೇ, ಮೊನ್ನೆಯೂ ಅದೇ. ಹೋದ ವರ್ಷ ಫೋಟೋ ಎಲ್ಲ ಹೊಸ ಡಿಸ್ಕಿಗೆ ಸಾಗಿಸಿದ್ದೆ. ಸಾಫ್ಟ್‌ವೇರಿಗೆ ಹೇಳೋಕೆ ಮರೆತಿದ್ದೆ. ಅದು ಅವತ್ತಿನಿಂದ ಖಾಲಿ ಫೋಲ್ಡರನ್ನು ಭಕ್ತಿಯಿಂದ ಕಾಯುತ್ತಿದೆ. ಹಳೆಯ ಕಾಪಿಯಾದರೂ ಇರಬೇಕಲ್ಲ ಅಂತ ಸಾಗಿಸಿದ ದಿನದವರೆಗೆ ಹಿಂದೆ ಹೋದೆ. ಮೂಲದಲ್ಲಿ ಇಲ್ಲದ್ದನ್ನು ಬ್ಯಾಕಪ್‌ನಲ್ಲೂ ಅಳಿಸು ಅಂತ ನಾನೇ ಟಿಕ್ ಹಾಕಿದ್ದೆನಂತೆ. 'ಅಳಿಸಿದ ಫೈಲ್ 41,306. ದೋಷ 0.' ಪಕ್ಕದಲ್ಲಿ ಅವತ್ತೂ ಹಸಿರು ಟಿಕ್ಕೇ ಇತ್ತು.