ಮಾರ್ಕ್ಸ್ ಕೊಡೋರೇ ಕೌನ್ಸೆಲರ್ ಆದ್ರೆ ಮಗು ಯಾರ ಹತ್ರ ಹೇಳ್ಕೊಳ್ಬೇಕು?

ಅಕ್ಕನ ಮಗಳ ಸ್ಕೂಲಲ್ಲಿ ಪೇರೆಂಟ್ಸ್ ಮೀಟಿಂಗ್ ಮುಗಿಸ್ಕೊಂಡು ಈಗಷ್ಟೇ ಬಂದೆ, ಸಿಟ್ಟು ಇನ್ನೂ ಇಳಿದಿಲ್ಲ. ಹತ್ತನೇ ಕ್ಲಾಸ್ ಮಕ್ಕಳು. ಎಲ್ಲರ ಅಪ್ಪ ಅಮ್ಮನ ಎದುರು ಒಬ್ಬೊಬ್ಬರ ಹೆಸರು ಕರೆದು ಮಾರ್ಕ್ಸ್ ಓದಿದ್ರು, ಕಮ್ಮಿ ಬಂದವರನ್ನ ಎದ್ದು ನಿಲ್ಲಿಸಿದ್ರು, ಆಮೇಲೆ ಮಕ್ಕಳಿಗೆ ಟೆನ್ಷನ್ ಇದ್ರೆ ನಮ್ ಕೌನ್ಸೆಲರ್ ಹತ್ರ ಕಳಿಸಿ ಅಂದ್ರು. ಯಾರು ಅಂತ ಕೇಳಿದ್ರೆ ಆಗಷ್ಟೇ ಮಾರ್ಕ್ಸ್ ಓದಿದ ಮ್ಯಾಥ್ಸ್ ಮೇಡಂ!

ಆ ಮೇಡಂ ಮೇಲೆ ನಂಗೆ ಕೋಪ ಇಲ್ಲ, ಪಾಪ ಇರೋ ಪಿರಿಯಡ್‌ಗಳ ಜೊತೆ ಇದನ್ನೂ ಅವರ ತಲೆಗೆ ಕಟ್ಟಿದಾರೆ. ಆದ್ರೆ ಇಂಟರ್ನಲ್ಸ್ ಹಾಕೋ ಕೈಗೆ ತನ್ನ ಭಯನ ಯಾವ ಮಗು ಕೊಡುತ್ತೆ ಹೇಳಿ? ಬೆಳಿಗ್ಗೆ ಹೇಳಿದ್ದು ಮಧ್ಯಾಹ್ನಕ್ಕೆ ಸ್ಟಾಫ್ ರೂಮಲ್ಲಿರುತ್ತೆ, ಸಂಜೆ ಅಪ್ಪಂಗೆ ಫೋನ್ ಹೋಗುತ್ತೆ. ಮಕ್ಕಳಿಗೆ ಇದು ಗೊತ್ತು, ಅದಕ್ಕೇ ಬಾಯಿ ಬಿಡಲ್ಲ.

ನಾನು ಪಿಯುಸಿಲಿ ರಾತ್ರಿಯೆಲ್ಲ ನಿದ್ದೆ ಇಲ್ಲದೆ ಒದ್ದಾಡ್ತಿದ್ದಾಗ ಊಟ ಮಾಡಿದ್ಯೇನಮ್ಮಾ ಅಂತ ಕೇಳಿದ್ದು ಲೈಬ್ರರಿ ಸರ್ ಒಬ್ರೇ. ಅವ್ರ ಹತ್ರ ಅತ್ತುಬಿಟ್ಟೆ. ನನ್ನ ಮಾರ್ಕ್ಸಿಗೂ ಅವರಿಗೂ ಸಂಬಂಧನೇ ಇರ್ಲಿಲ್ವಲ್ಲ.

2025ರ ಜುಲೈನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ, ವಿಶಾಖಪಟ್ಟಣದಲ್ಲಿ ನೀಟ್ ಕೋಚಿಂಗಲ್ಲಿದ್ದ ಹುಡುಗಿ ತೀರಿಕೊಂಡ ಕೇಸಲ್ಲಿ. 100 ಅಥವಾ ಅದಕ್ಕಿಂತ ಹೆಚ್ಚು ಮಕ್ಕಳಿದ್ರೆ ಮಕ್ಕಳ ಮಾನಸಿಕ ಆರೋಗ್ಯದಲ್ಲಿ ತರಬೇತಿ ಆಗಿರೋ ಕೌನ್ಸೆಲರೋ ಸೈಕಾಲಜಿಸ್ಟೋ ಸೋಶಿಯಲ್ ವರ್ಕರೋ ಒಬ್ರಾದ್ರೂ ಇರ್ಬೇಕು, ಎಲ್ಲರೆದುರು ಅವಮಾನ ಮಾಡೋದು, ಮಾರ್ಕ್ಸ್ ನೋಡಿ ಬ್ಯಾಚ್ ಒಡೆಯೋದು ಆದಷ್ಟೂ ನಿಲ್ಲಿಸ್ಬೇಕು ಅಂತ. ಎನ್‌ಸಿಆರ್‌ಬಿ, ಅಂದ್ರೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ, ಅವರ ಲೆಕ್ಕದಲ್ಲಿ ದೇಶದಲ್ಲಿ 2022 ಒಂದೇ ವರ್ಷ ಆತ್ಮಹತ್ಯೆಯಿಂದ ಕಳ್ಕೊಂಡ ವಿದ್ಯಾರ್ಥಿಗಳು 13,044. ಇಷ್ಟಾದ್ಮೇಲೂ ಮೈಕ್ ಹಿಡಿದು ಮಾರ್ಕ್ಸ್ ಓದ್ತಾರೆ ಅಂದ್ರೆ ಹೊಟ್ಟೆ ಉರಿಯುತ್ತೆ ನಂಗೆ.

ಗವರ್ನಮೆಂಟ್ ಸ್ಕೂಲಲ್ಲಿ ಪಾಠಕ್ಕೇ ಮೇಷ್ಟ್ರಿಲ್ಲ, ಇದ್ದವರು ಗಣತಿ, ಎಲೆಕ್ಷನ್ ಡ್ಯೂಟಿ ಅಂತ ಓಡಾಡ್ತಾರೆ, ಇನ್ನು ಕೌನ್ಸೆಲರ್ ಎಲ್ಲಿಂದ ತರೋದು ಅಂತೀರಾ? ಅಕ್ಕಪಕ್ಕದ ಸ್ಕೂಲ್‌ಗಳು ಸೇರಿದ ಒಂದು ಕ್ಲಸ್ಟರಿಗೆ ಒಬ್ರನ್ನ ಕೊಡಿ, ವಾರಕ್ಕೊಂದ್ಸಲ ಬರ್ಲಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆ ಅಂತಲೇ ಸ್ನೇಹ ಕ್ಲಿನಿಕ್ ಇದೆ, ಅದೊಂದಿದೆ ಅಂತ ಮಕ್ಕಳಿಗೆ ಯಾರಾದ್ರೂ ಹೇಳಿದಾರಾ? ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, 14416, ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ, ಆ ನಂಬರನ್ನ ಪ್ರತಿ ಕ್ಲಾಸಿನ ಗೋಡೆ ಮೇಲೆ ಬರೆಯೋಕೆ ಯಾವ ಬಜೆಟ್ ಬೇಕು? ಲಕ್ಷಗಟ್ಲೆ ಫೀಸ್ ತಗೊಂಡು ಟಾಪರ್‌ಗಳ ಫೋಟೋ ಫ್ಲೆಕ್ಸ್ ಮಾಡಿ ಗೇಟಿಗೆ ಕಟ್ಟೋ ಸ್ಕೂಲ್‌ಗಳಂತೂ ದುಡ್ಡಿಲ್ಲ ಅನ್ನೋ ಮಾತೇ ಆಡ್ಬಾರ್ದು.

ನಾನೂ ಅಕ್ಕನೂ ಪ್ರಿನ್ಸಿಪಾಲ್‌ಗೆ ಲೆಟರ್ ಬರೀತಿದೀವಿ. ಕೌನ್ಸೆಲರ್ ಏನು ಓದಿದಾರೆ, ಮಗು ಹೇಳಿದ್ದು ಯಾರ್ಯಾರಿಗೆ ಹೋಗುತ್ತೆ, ಈ ಎರಡೇ ಪ್ರಶ್ನೆ. ಅದೇ ಸ್ಕೂಲಿನ ಪೇರೆಂಟ್ಸ್ ಯಾರಾದ್ರೂ ಇಲ್ಲಿದ್ರೆ ಸೈನ್ ಹಾಕಿ, ಇನ್‌ಬಾಕ್ಸಿಗೆ ಬನ್ನಿ.