ಡಾಕ್ಟರ್ ಬರೆಯದಿದ್ದರೆ ಮೂಳೆ ಮುರಿದೇ ಇಲ್ಲ

ಅಮೆರಿಕದಲ್ಲಿ ಮೊಣಕೈ ಮುರಿದುಕೊಳ್ಳುವುದು ಸುಲಭ. ಮುರಿದಿದೆ ಅಂತ ಕಾಗದದಲ್ಲಿ ಒಪ್ಪಿಸುವುದೇ ಕಷ್ಟ. 2015ರ ಅಕ್ಟೋಬರ್ 1ರಿಂದ ಅಲ್ಲಿ ಐಸಿಡಿ-10-ಸಿಎಂ ಅನ್ನುವ ಕೋಡ್ ಪಟ್ಟಿ ಜಾರಿಯಲ್ಲಿದೆ; ವಿಮಾ ಕಂಪನಿಗೆ ಬಿಲ್ ಕಳಿಸುವಾಗ ರೋಗಕ್ಕೋ ಗಾಯಕ್ಕೋ ಅದರಲ್ಲಿರುವ ಕೋಡ್ ಹಾಕಬೇಕು. ಡಾಕ್ಟರು ಬರೀ "ಮೊಣಕೈ ಫ್ರ್ಯಾಕ್ಚರ್" ಅಂತ ಗೀಚಿ ಎದ್ದು ಹೋದರೆ, ಅದನ್ನು ಕೋಡಿಗೆ ಇಳಿಸಬೇಕಾದ ಕೋಡರ್ ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ. ಯಾವ ಮೂಳೆ? ತೋಳಿನ ಹ್ಯೂಮರಸ್ಸಾ, ಮುಂಗೈಯ ರೇಡಿಯಸ್ಸಾ, ಅಲ್ನಾನಾ? ಎಡವೋ ಬಲವೋ? ಮೂಳೆ ಜರುಗಿದೆಯೋ, ಗಾಯ ತೆರೆದಿದೆಯೋ, ಬಿರುಕು ಕೀಲಿನ ಒಳಗೆ ಹೋಗಿದೆಯೋ?

ಇಷ್ಟು ಕೇಳುವುದು ನ್ಯಾಯವೇ ಬಿಡಿ. ಆಪರೇಷನ್ ಬೇಕೋ ಬೇಡವೋ ಅನ್ನುವುದು ಬಹುಪಾಲು ಇದರ ಮೇಲೇ ನಿಂತಿರುತ್ತದೆ.

ಆದರೆ ಮೂಳೆ ಜರುಗಿದೆಯೋ ಇಲ್ಲವೋ ಅಂತ ಡಾಕ್ಟರು ಬರೆಯದಿದ್ದರೆ? ಆಗ ಮೂಳೆ ಜರುಗಿದೆ ಅಂತಲೇ ಕೋಡ್ ಹಾಕಬೇಕು, ಇದು ನಿಯಮ. ಎಕ್ಸ್‌ರೇಯಲ್ಲಿ ಕದಲದೆ ಕೂತಿದ್ದ ಮೂಳೆ ಡಾಕ್ಟರ ಮೌನದ ಬಲದಿಂದಲೇ ಸರಿದುಬಿಡುತ್ತದೆ. ಗಾಯ ತೆರೆದಿದೆಯೋ ಇಲ್ಲವೋ ಬರೆಯದಿದ್ದರೆ ಮಾತ್ರ ಅದೇ ಮೌನ ಚರ್ಮವನ್ನು ಅಚ್ಚುಕಟ್ಟಾಗಿ ಮುಚ್ಚುತ್ತದೆ!

"ಮೊದಲ ಭೇಟಿ" ಅನ್ನುವುದರ ಕಥೆ ಇನ್ನೂ ಚೆಂದ. ಎಮರ್ಜೆನ್ಸಿಗೆ ಹೋದದ್ದು ಮೊದಲ ಭೇಟಿ, ವಾರ ಬಿಟ್ಟು ಸರ್ಜನ್ ಹತ್ತಿರ ಹೋದದ್ದೂ ಮೊದಲ ಭೇಟಿ, ಆಮೇಲೆ ಆಪರೇಷನ್ ಆದದ್ದೂ ಮೊದಲ ಭೇಟಿಯೇ, ಯಾಕಂದ್ರೆ ಮುಖ್ಯ ಚಿಕಿತ್ಸೆ ನಡೆಯುತ್ತಿರುವವರೆಗೂ ಯಾವ ಭೇಟಿ ಅಂತ ಹೇಳುವ, ಕೋಡಿನ ಕೊನೆಯ ಅಕ್ಷರ ಬದಲಾಗುವುದಿಲ್ಲ.

ಬಾತುಕೋಳಿ ಬಡಿದು ಗಾಯವಾದರೆ ಅದಕ್ಕೂ ಕೋಡ್ ಇದೆ, ಡಬ್ಲ್ಯೂ61.62. ಬಾತುಕೋಳಿ ಮಟ್ಟಿಗೆ ಯಾರಿಗೂ ಅನುಮಾನವಿಲ್ಲ.

ಅನುಮಾನವೆಲ್ಲ ಮೂಳೆಯ ಮೇಲೇ. ಕೆಲವು ಸಲ ಎಕ್ಸ್‌ರೇಯಲ್ಲಿ ಬಿರುಕಿನ ಗೆರೆ ಕಾಣುವುದಿಲ್ಲ. ಕೀಲಿನೊಳಗೆ ರಕ್ತ ತುಂಬಿ ಮೊಣಕೈ ಹಿಂಭಾಗದ ಕೊಬ್ಬಿನ ಪದರ ಉಬ್ಬಿರುವುದಷ್ಟೇ ಕಾಣುತ್ತದೆ. ದೊಡ್ಡವರಲ್ಲಿ ರೇಡಿಯಸ್ಸಿನ ಮೇಲ್ತುದಿ, ಮಕ್ಕಳಲ್ಲಿ ಹ್ಯೂಮರಸ್ಸಿನ ಕೆಳತುದಿ ಮುರಿದಿರಬಹುದು ಅಂತ ಅನುಭವಿ ಡಾಕ್ಟರು ಊಹಿಸುತ್ತಾರೆ, ಜಾಣತನದಿಂದ ಕೈಯನ್ನು ಕಟ್ಟುತ್ತಾರೆ. ಆಮೇಲೆ ಅದೇ ಜಾಣತನದಿಂದ "ಬಹುಶಃ ಫ್ರ್ಯಾಕ್ಚರ್" ಅಂತ ಬರೆಯುತ್ತಾರೆ. ಮುಗಿಯಿತು ಕಥೆ! ಹೊರರೋಗಿಗೆ "ಬಹುಶಃ" ಅಂತ ಬರೆದರೆ ಫ್ರ್ಯಾಕ್ಚರ್ ಕೋಡ್ ಹಾಕುವಂತಿಲ್ಲ, ಲಕ್ಷಣಕ್ಕೆ ಮಾತ್ರ ಹಾಕಬೇಕು. ಹಾಗಾಗಿ ಎಂ25.521, ಬಲ ಮೊಣಕೈ ನೋವು. ಅದೇ ಮನುಷ್ಯ ಅದೇ ಕೈ ಹಿಡಿದುಕೊಂಡು ವಾರ್ಡಿನಲ್ಲಿ ಮಲಗಿದ್ದು, ಡಿಸ್ಚಾರ್ಜ್ ಆಗುವಾಗ ಅದೇ "ಬಹುಶಃ" ಬರೆದಿದ್ದರೆ ಫ್ರ್ಯಾಕ್ಚರ್ ಇದೆ ಅಂತಲೇ ಕೋಡ್ ಹಾಕುತ್ತಾರೆ. ಮೂಳೆ ಒಂದೇ, ಬದಲಾದದ್ದು ಮಂಚ.

ಈಗ ವಿಮಾ ಕಂಪನಿ ಸುಮ್ನಿರುತ್ತದಾ? ಬರೀ ನೋವಿಗೆ ಪಟ್ಟಿ ಯಾಕೆ ಕಟ್ಟಿದಿರಿ ಅಂತ ಕೇಳಬಹುದು. ಕೇಳುವುದರಲ್ಲಿ ತಪ್ಪೂ ಇಲ್ಲ. ಕೋಡರ್ ಡಾಕ್ಟರಿಗೆ ಪ್ರಶ್ನೆ ಕಳಿಸಬಹುದು, ಆದರೆ "ಮುರಿದಿದೆ ಅಂತ ಬರೆದುಬಿಡಿ ಸಾರ್" ಅನ್ನುವಂತಿಲ್ಲ, ಉತ್ತರ ಬಾಯಿಗೆ ಹಾಕಿದ ಹಾಗಾಗುತ್ತದಲ್ವಾ? ಅದಕ್ಕೇ ಬಹಳ ವಿನಯದಿಂದ, "ಪಟ್ಟಿ ಕಟ್ಟಿದ ಕಾರಣವನ್ನು ದಯವಿಟ್ಟು ಸ್ಪಷ್ಟಪಡಿಸಿ" ಅಂತ ಕೇಳುತ್ತಾರೆ.

ಡಾಕ್ಟರ ಉತ್ತರವೂ ಅಷ್ಟೇ ಸ್ಪಷ್ಟ: "ಬಹುಶಃ ಫ್ರ್ಯಾಕ್ಚರ್. ನನ್ನ ನೋಟ್ ನೋಡಿ."