ಹೊಸ್ತಿಲು ದಾಟದ ಪರಿಸರ ಪ್ರೇಮ

2025ರ ಅಕ್ಟೋಬರ್‌ನಲ್ಲಿ ಬೆಂಗಳೂರಲ್ಲಿ ನಡೆದ "ಕಸ ಸುರಿಯುವ ಹಬ್ಬ" ಮರೆತಿಲ್ಲ ತಾನೇ? ಊರಿನ ಕಸ ವಿಲೇವಾರಿ ನೋಡ್ಕೊಳ್ಳೋ ಸಂಸ್ಥೆಯೋರು ರಸ್ತೇಲಿ ಕಸ ಎಸೆದೋರ ಮನೆ ಹುಡ್ಕಿ, ಅವರ ಗೇಟ್ ಮುಂದೆನೇ ಸುರಿದು, ದಂಡ ಹಾಕಿ ಬಂದ್ರಲ್ಲ, ಅದೇ. ಮರ್ಯಾದಸ್ಥರ ಮನೆ ಮುಂದೆ ಕಸಾನಾ, ಇದ್ಯಾವ ಸಂಸ್ಕಾರ ಅಂತ ಕೆಲವರಿಗೆ ತುಂಬಾ ನೋವಾಯ್ತು.

ಸಂಸ್ಕಾರದ ವಿಷ್ಯದಲ್ಲಿ ನಮ್ಮೋರನ್ನ ಮೀರಿಸೋರಿಲ್ಲ ಬಿಡಿ. ಬೆಳಗ್ಗೆ ಎದ್ದು ಹೊಸ್ಲು ತೊಳ್ದು, ರಂಗೋಲಿ ಇಟ್ಟು, ಚಪ್ಪಲಿ ಒಳಗ್ ತರಬೇಡ್ವೋ ಅಂತ ಮಗನಿಗೆ ಬೈದು, ಆಮೇಲೆ ಹಳಸಿದ ಸಾಂಬಾರು, ಡೈಪರ್, ಒಡೆದ ಗ್ಲಾಸು ಎಲ್ಲಾ ಒಂದೇ ಕವರಿಗೆ ತುಂಬಿ ಗಂಟು ಹಾಕಿ, ಸ್ಕೂಟರ್ ಮುಂದಿಟ್ಕೊಂಡು ಹೋಗಿ ಎರಡು ಕ್ರಾಸ್ ಆಚೆ ಗಾಡಿ ನಿಲ್ಲಿಸ್ದೇನೇ ಎಸೀತಾರಲ್ಲ, ಆ ಕೈಚಳಕ ನೋಡೋಕೆ ಕ್ರಿಕೆಟ್ ಸೆಲೆಕ್ಟರ್‌ಗಳೇ ಬರ್ಬೇಕು. ಕಸ ಒಯ್ಯೋ ಆಟೋ ಟಿಪ್ಪರ್ ದಿನಾ ಬರಲ್ಲ ಅನ್ನೋದು ಸುಳ್ಳೇನಲ್ಲ, ಆದ್ರೆ ಬಂದ ದಿನಾನೂ ಈ ಸವಾರಿ ತಪ್ಪಲ್ಲ.

ಅಂದಹಾಗೆ ಆ ಕವರ್ 2016ರಲ್ಲೇ ನಮ್ ರಾಜ್ಯದಲ್ಲಿ ಬ್ಯಾನ್ ಆಗಿರೋ ವಸ್ತು. ಕೊತ್ತಂಬರಿಗೊಂದು ಕರಿಬೇವಿಗೊಂದು ಸಪರೇಟ್ ಕವರ್ ಕೇಳಿ ಇಸ್ಕೊಳ್ಳೋರ ವಾಟ್ಸಾಪ್ ಸ್ಟೇಟಸ್‌ನಲ್ಲೇ ಜೂನ್ 5ರ ಪರಿಸರ ದಿನಕ್ಕೆ ಭೂಮಿತಾಯಿ ಕೈಮುಗಿಸ್ಕೊಳ್ಳೋದು.

ಇನ್ನು ಖಾಲಿ ಸೈಟಿನ ಕಾಂಪೌಂಡಿಗೆ ಅಂಟಿಸಿರೋ ದೇವರ ಟೈಲ್ಸ್ ನೋಡಿ. ಗಣಪತಿ, ಏಸು, ಮೆಕ್ಕಾ ಮೂರೂ ಒಂದೇ ಸಾಲಲ್ಲಿ. ಯಾವ ಸರ್ಕಾರದ ಕೈಲೂ ಆಗದ ಸರ್ವಧರ್ಮ ಸಮನ್ವಯ ಉಚ್ಚೆ ಹೊಯ್ಯೋರ ದೆಸೆಯಿಂದ ಆಗಿದೆ. ಭಕ್ತರೂ ಅಷ್ಟೇ ನಿಯತ್ತಿನೋರು, ಟೈಲ್ಸ್ ಎಲ್ಲಿಗೆ ಮುಗಿಯುತ್ತೋ ಕರೆಕ್ಟಾಗಿ ಅಲ್ಲಿಂದ ಕಸ ಶುರು. ದೇವರ ಜುರಿಸ್ಡಿಕ್ಷನ್ ಅಲ್ಲಿವರೆಗೆ ಅಷ್ಟೇ.

ತಮಾಷೆ ಸಾಕು. ಬೆಂಗಳೂರಿನ ಕಸ ಸುರಿಯೋಕೆ ಊರಾಚೆಯ ಹಳ್ಳಿ ಮಾವಳ್ಳಿಪುರ ಮುಗೀತು, ಆಮೇಲೆ ಮಂಡೂರು ಅನ್ನೋ ಇನ್ನೊಂದು ಹಳ್ಳಿಗೆ ತಗೊಂಡ್ ಹೋಗಿ ಸುರಿದ್ವಿ, ನೀರು ಕೆಟ್ಟೋಯ್ತು, ನಾತ ತಡಿಯಕ್ಕಾಗ್ತಿಲ್ಲ ಅಂತ ಆ ಜನ ರಸ್ತೆಗಿಳಿದು ಲಾರಿ ತಡೆದು 2014ರ ಕೊನೇಲಿ ನಿಲ್ಲಿಸ್ಬೇಕಾಯ್ತು. ಆಗ ಇವರಿಗೆಲ್ಲ ಮರ್ಯಾದೆ ಸಂಸ್ಕಾರ ನೆನಪಾಗ್ಲಿಲ್ಲ. ಊರಿಗೆ ಊರೇ ವರ್ಷಗಟ್ಲೆ ಕಸದ ಗುಡ್ಡೆ ಪಕ್ಕ ಬದುಕಿದ್ರೆ ವ್ಯವಸ್ಥೆ, ತಮ್ ಗೇಟ್ ಮುಂದೆ ಸ್ವಲ್ಪ ಹೊತ್ತು ಬಿದ್ರೆ ಅವಮಾನ. ನೀವು ಹಾಕಿದ ಗಂಟನ್ನ ಒಬ್ಬ ಪೌರಕಾರ್ಮಿಕ ಹೆಂಗಸು ಕೈಯಾರೆ ಬಿಚ್ಚಿ, ಡೈಪರ್ ಬೇರೆ ಗಾಜು ಬೇರೆ ಮಾಡ್ಬೇಕು ಕಣ್ರೀ, ಕೈ ಕುಯ್ದು ರಕ್ತ ಬರುತ್ತೆ. ಆಕೆ ಕುಡಿಯೋಕೆ ನೀರು ಕೇಳಿದ್ರೆ ಕೊಡೋಕಂತ ಬೇರೆ ಲೋಟ ಇಟ್ಟಿದೀರಲ್ಲ, ಮೊದ್ಲು ಅದನ್ನ ತಂದು ಒಣ ಕಸಕ್ಕೆ ಹಾಕಿ.